ಭಾನುವಾರದೊಳಗೆ

...ಆ ಗಂಟು ಕಟ್ಟೋದನ್ನ ಮೊದಲು ನಿಲ್ಲಿಸೇ ಅವಿನೋ! ಯಾರೋ ಬಿಳಿ ಪಾದ್ರಿ, ದೊರೆಸಾನಿ ಬಂದು ಹೋಗು ಅಂದ್ರೆ ಹೊರಟೇಬಿಡೋದಾ? ನಿಂಗೆ ಬಾಯಿಲ್ವಾ? ಬೆಳಗಿಂದ ನಾನಿಲ್ಲಿ ಗಂಟಲು ಹರ್ಕೊಳ್ತಾ ಇದ್ದೀನಿ, ನೀನು ತಣ್ಣಗೆ ಬಟ್ಟೆ ಮಡಚ್ತಾ ಇದ್ದೀಯ!

ಎರಡು ವರ್ಷಕ್ಕೊಂದು ಸಲ ಧೂಳೆಬ್ಬಿಸ್ಕೊಂಡು ಬರ್ತಾರೆ. ನಮ್ಮ ಕೋಳಿ ತಿಂತಾರೆ. ಮುದ್ದೆ ಮಾತ್ರ ಬೆರಳ ತುದೀಲಿ ಮುಟ್ಟಿ, ಚೆನ್ನಾಗಿದೆ ಚೆನ್ನಾಗಿದೆ ಅಂತ ಹಾಗೇ ಬಿಡ್ತಾರೆ. ತಿನ್ನಲಿ! ಹಾಡು ಹೇಳಿಸಲಿ! ಮಂಡಿಯೂರು ಅಂದ್ರೆ ಊರ್ತೀನಿ. ಆದ್ರೆ ನಮ್ಮ ಅಂಗಳದಲ್ಲಿ ಎಷ್ಟು ಒಲೆ ಉರಿಯುತ್ತೆ ಅಂತ ಕೇಳೋಕೆ ಇವರ್ಯಾರೇ? ಇವರಪ್ಪ ಕಟ್ಟಿದ ಮನೆಯಾ?

ನಗ್ತೀಯಾ? ಈ ಹೊತ್ತಲ್ಲೂ ನಗು ಬರುತ್ತಾ ನಿಂಗೆ? ಓ... ಹೋದ ಸಲದ್ದು ನೆನಪಾಯ್ತಾ. ಊರಿಗೆ ಊರೇ ಸೇರಿ ಅವರ ಕಣ್ಣಿಗೆ ಮಣ್ಣೆರಚಿದ್ದು! ಕಾರಿನ ಸದ್ದು ಕೇಳಿದ್ದೇ ತಡ, ಎರಡನೇ ಹೆಂಡ್ತೀರೆಲ್ಲ ಲೊಲ್ವೆ ಸರೋವರದ ದಂಡೆಗೆ ಓಟ, ಮೀನು ಒಣಗಿಸೋ ನೆಪದಲ್ಲಿ. ಉಪದೇಶಿ ಜಕಾಯೋನೇ ಬೈಬಲ್ ಎದೆಗೆ ಒತ್ಕೊಂಡು, 'ನಮ್ಮೂರಲ್ಲಿ ಒಬ್ಬನಿಗೆ ಒಬ್ಳೇ, ದೊರೆಸಾನಿ' ಅಂದ! ನಿನ್ನ ಕಾಲಿಗೆ ಮುಳ್ಳು ಚುಚ್ಚಿ ನೀನೊಬ್ಳು ಮನೇಲೇ ಉಳ್ಕೊಂಡೆ. ನಾನೇನಂದೆ? 'ಇವಳು ನನ್ನ ತಂಗಿ, ಪಾಪ, ಗಂಡ ತೀರ್ಕೊಂಡ' ಅಂದೆ. ಅದರಲ್ಲಿ ಸುಳ್ಳೇನು? ಒಂದೇ ತಾಯಿ ಹಾಲು ಕುಡಿದಿಲ್ವಾ ನಾವು? ಗಂಡ ಒಬ್ಬ ಸತ್ತಿರಲಿಲ್ಲ, ಅಷ್ಟೇ! ದೊರೆಸಾನಿ ನಿನ್ನ ತಲೆ ಸವರಿ ಅತ್ತಳು. ನಮ್ಮಿಬ್ರ ಗಂಡ ಒಗಾಡಾ ಅಲ್ಲೇ ನಿಂತು ತನ್ನ ಸಾವಿನ ಸುದ್ದಿ ತಾನೇ ಕೇಳಿಸ್ಕೊಂಡ!

ಈ ಸಲ ನೀನು ದಂಡೇಲಿದ್ದೆ, ನಿಂಗೇನು ಗೊತ್ತು. ದೊರೆಸಾನಿ ನೆಟ್ಟಗೆ ನಮ್ಮ ಅಂಗಳಕ್ಕೇ ಬಂದ್ಲು ಕಣೇ! ಇನ್ಯಾರ ಮನೆಗೂ ಹೋಗ್ಲಿಲ್ಲ. ಹಿಂದೆ ಜಕಾಯೋ, ಬೆವರು ಒರೆಸ್ಕೊಳ್ತಾ. ಒಗಾಡಾನ್ನ ನಿಲ್ಲಿಸಿ ನಮ್ಮ ಮಾತಲ್ಲೇ, ಮುರುಕು ಮುರುಕಾಗಿ ಹೇಳಿದ್ಲು: ಭಾನುವಾರದೊಳಗೆ ಎರಡನೆಯವಳನ್ನ ತವರಿಗೆ ಕಳಿಸು, ಇಲ್ಲಾಂದ್ರೆ ಚರ್ಚ್ ಸಭೆಯ ಹಿರಿಯ ಅನ್ನೋ ಹೆಸರು ಬಿಡು. ಅಷ್ಟೇ! ಒಂದು ಮಾತಲ್ಲಿ ಮನೆ ಮುರಿದ್ಲು. ನಮ್ಮ ಗಂಡಸು... ಹೇಡಿ! ನೆಲ ನೋಡ್ಕೊಂಡು ತಲೆ ಆಡಿಸಿಬಿಟ್ಟ. ಈಗ ದೊಡ್ಡೀಲಿ ಹಸುವಿನ ಮೈ ಉಜ್ತಾ ಅವಿತಿದ್ದಾನೆ ನೋಡು, ನಿನ್ನ ಮುಖ ನೋಡೋ ಧೈರ್ಯ ಇಲ್ಲ.

ಏನು, ಮಕ್ಕಳಾ? ಅಪ್ಪನ ಮಕ್ಕಳು ಅಪ್ಪನ ಅಂಗಳ ಬಿಟ್ಟು ಹೋಗೋದುಂಟಾ? ಇಲ್ಲೇ ಇರ್ತವೆ. ನಾನಿಲ್ವಾ? ಮೂರನ್ನೂ ಎತ್ತಿ ಆಡಿಸಿದವಳು ಯಾರು? ಅಕೋತ್ ಇನ್ನೂ ಎದೆಹಾಲು ಬಿಟ್ಟಿಲ್ಲ, ನಿಜ... ಹಸುವಿನ ಹಾಲಿದೆ, ಗಂಜಿ ಇದೆ, ಎಲ್ಲ ಯೋಚ್ನೆ ಮಾಡಿದ್ದೀನಿ... ಅಂದ್ರೆ, ಈಗ ಹೊಳೀತು. ಅದ್ಯಾಕೆ ಮಗೂನ ಹಾಗೆ ಎಳ್ಕೋತೀಯ?

ನಾನು ಜಗಳಾಡ್ಲಿಲ್ಲ ಅನ್ಕೊಂಡ್ಯಾ? ಆಡಿದೆ! ಎಂಟು ವರ್ಷ ನನ್ನ ಹೊಟ್ಟೇಲಿ ಒಂದೂ ನಿಲ್ಲಲಿಲ್ಲ, ನಾನೇ ಹೋಗಿ ತವರಿಂದ ಕೈ ಹಿಡಿದು ಕರ್ಕೊಂಡು ಬಂದ ತಂಗಿ ಇವಳು, ನಮ್ಮಲ್ಲಿ ಇದು ನಡ್ಕೊಂಡು ಬಂದಿದೆ, ನಿಮಗ್ಯಾಕೆ ಹೊಟ್ಟೆನೋವು ಅಂತ ಮುಖಕ್ಕೆ ಹೊಡೆದ ಹಾಗೆ ಅಂದೆ. ಅದಕ್ಕೆ ಏನಂದ್ಲು ಗೊತ್ತಾ? 'ಮೂರು ಸಾಲದು ಅಂತ ನಾಲ್ಕನೇದೂ ಅವಳ ಹೊಟ್ಟೇಲಿದೆಯಲ್ಲ, ಈ ಪಾಪಕ್ಕೆ ಕೊನೆ ಬೇಡ್ವಾ' ಅಂದ್ಲು! ಒಗಾಡಾನ ಎದುರಿಗೇ! ಎಂಥ ನಾಲಿಗೆ ಅಂತೀನಿ...

ಯಾಕೆ, ಕೈ ಯಾಕೆ ನಿಲ್ಲಿಸ್ದೆ?

ಹಾಗ್ಯಾಕೆ ನೋಡ್ತೀಯೇ? ಅಂದವಳು ಅವಳು, ನಾನಲ್ಲ. ಯಾರೋ ಹೇಳಿರ್ಬೇಕು. ಸೂಲಗಿತ್ತಿ ಹೇಳಿರ್ತಾಳೆ, ಅವಳ ಬಾಯಲ್ಲಿ ಏನು ನಿಲ್ಲುತ್ತೆ... ಸೂಲಗಿತ್ತಿಗೆ ಹೇಳಿಲ್ವಾ? ಹಾಗಾದ್ರೆ ಒಗಾಡಾನೇ... ಅವನಿಗೂ ಇಲ್ವಾ? ಹೌದು, ಅವನೂ ಬೆಚ್ಚಿದ ಆಗ. ದಂಡೇಲಿ ಯಾವಳ ಹತ್ರಾನೋ ಬಾಯಿ ಬಿಟ್ಟಿರ್ತೀಯ! ತಲೆ ಆಡಿಸ್ಬೇಡ, ಯೋಚ್ನೆ ಮಾಡಿ ಹೇಳು. ಯಾರಿಗೂ ಇಲ್ವಾ? ಯಾರಿಗೂ...?

ಮೊನ್ನೆ... ನೀರು ತರೋಕೆ ಹೋದಾಗ. ನಂಗೊಬ್ಳಿಗೆ.

ಬೈಯೇ! ಉಗಿಯೇ ಮುಖಕ್ಕೆ! ಹೌದು, ನಾನೇ! ಅವರು ಇಳ್ಕೊಂಡಿರೋ ಕಡೆಗೆ ನಾನೇ ಹೋಗಿದ್ದೆ. ಪ್ರಾರ್ಥನೆ ಮಾಡಿಸೋಕೆ ಹೋದೆ ಅವಿನೋ, ದೇವರಾಣೆಗೂ! ನಂಗೂ ಒಂದು ಮಗು ಕೊಡಿಸಿ ಅಂತ. ದೊರೆಸಾನಿ ಕೈ ಹಿಡ್ಕೊಂಡ್ಲು. ನಿಂಗೆ ಯಾಕಿಷ್ಟು ದುಃಖ ಅಂದ್ಲು. ಇಷ್ಟು ವರ್ಷದಲ್ಲಿ ನನ್ನನ್ನ ಯಾರು ಹಾಗೆ ಕೇಳಿದ್ರು? ನೀನು ಕೇಳಿದ್ಯಾ? ಬಾಯಿಗೆ ಬಂದುಬಿಡ್ತು ಕಣೇ. ನಾಲ್ಕು! ನಿಂಗೆ ನಾಲ್ಕು! ದೊಡ್ಡಮ್ಮ ಅಂತವೆ, ದೊಡ್ಡಮ್ಮ ದೊಡ್ಡಮ್ಮ... ಒಂದಾದ್ರೂ ಅಮ್ಮ ಅನ್ನುತ್ತಾ? ನಿನ್ನ ತಂಗಿ ಹೋದ್ರೆ ಮಕ್ಕಳು ಎಲ್ಲಿರ್ತವೆ ಅಂತ ದೊರೆಸಾನಿ ಕೇಳಿದ್ಲು. ನಾನು... ನನ್ನ ಹತ್ರ ಅಂದೆ.

ಮಗೂನ ಬೆನ್ನಿಗೆ ಕಟ್ಕೋಬೇಡ. ಹೋಗ್ಬೇಡ. ಈಗಲೇ ಹೋಗಿ ಆ ಕಾರಿಗೆ ಅಡ್ಡ ಮಲಗ್ತೀನಿ, ಎಲ್ಲ ಸುಳ್ಳು ಅಂತೀನಿ, ನಾನೇ ಹೋಗ್ತೀನಿ ತವರಿಗೆ, ನೀನಿರು...

ಅವಿನೋ! ಬಾಗಿಲು ದಾಟ್ಬೇಡವೇ! ನಿಂಗೆ ಇನ್ನೊಂದು ಬರ್ತಾ ಇದೆಯಲ್ಲೇ... ಅಕೋತ್‌ನ ಬಿಟ್ಟು ಹೋಗೇ.