ಎಡಗಡೆಯ ಕಾರ್ಪೆಟ್ಟು

ಇದು ನಮ್ಮ ಚನ್ನವೀರನಿಗೆ ಆದದ್ದು. ಕಾತ್ರಜದಲ್ಲಿ ಹಳೇ ಗಾಡಿಗಳ ಸೀಟು, ಕಾರ್ಪೆಟ್ಟು ಮಾಡುತ್ತಾನಲ್ಲ, ಅವನಿಗೆ. ತೊಂಬತ್ತೆಂಟರ ಚಳಿಗಾಲ. ಶೆಡ್ಡಿಗೆ ಕೀಲಿ ಹಾಕಿ ಮನೆ ದಾರಿ ಹಿಡಿದಿದ್ದ. ಹಾಳುಬಾವಿ ದಾಟುವಾಗ ನೆನಪಾಯಿತು... ಅಂಟಿನ ಡಬ್ಬಿ ಗಾಡಿಯೊಳಗೇ ತೆರೆದು ಬಿಟ್ಟು ಬಂದಿದ್ದಾನೆ. ಬೆಳಗಾದರೆ ಕಲ್ಲಾಗಿರುತ್ತದೆ. ತನ್ನನ್ನೇ ಬೈದುಕೊಳ್ಳುತ್ತ ತಿರುಗಿದ.

ಗಾಡಿ ಮೋಹನದಾಸರದು. ಮಂಗಳೂರು ಕಡೆಯವರು, ನಿಗಡಿಯಲ್ಲಿ ಹೋಟೆಲು. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಅರವತ್ತರ ದಶಕದ್ದು. ತಗಡಿನ ಗಟ್ಟಿ ಛತ್ತು, ಒಳಗೆ ಕೈ ಚಾಚಲೂ ಜಾಗವಿಲ್ಲ. ಕೊಟ್ಟು ಹೋಗುವಾಗ ಒಂದೇ ಮಾತು ಹೇಳಿದ್ದರು:

"ಕಾರ್ಪೆಟಿನ ಅಡಿ ಎರಡೂ ಕಡೆ ಉಣ್ಣೆಯ ದಪ್ಪ ಫೆಲ್ಟ್ ಹಾಕು ಮಾರಾಯ. ಇದರ ತಳ ಕಾದ ಕಾವಲಿ."

"ಎಡಕ್ಕ ಯಾರ ಕೂಡ್ತಾರ್ರಿ?"

"ಯಾರೂ ಇಲ್ಲ. ನಾನೊಬ್ಬನೇ."

ಫೆಲ್ಟು ಬಲಗಡೆಗೇ ಮುಗಿಯಿತು. ಎಡಗಡೆ ಬರೀ ತಗಡಿನ ಮೇಲೆ ಕಾರ್ಪೆಟ್ಟು ಅಂಟಿಸಿ ಸೀಟು ಬಿಗಿದುಬಿಟ್ಟ ಚನ್ನವೀರ. ಖಾಲಿ ಸೀಟು... ಯಾರ ಕಾಲಿಗೆ ಏನಾಗಬೇಕು?

ಶೆಡ್ಡಿಗೆ ಬಂದು, ಬಲಗಡೆಯಿಂದ ಕಾರಿನೊಳಗೆ ನುಗ್ಗಿ, ಡಬ್ಬಿಗೆ ಮುಚ್ಚಳ ಬಡಿದ. ಬೆನ್ನ ಹಿಂದೆ... ಖಟ್. ಬಾಗಿಲು ಮುಚ್ಚಿಕೊಂಡಿತು.

ಬಾಗಿಲಿಗೂ ಕಾರ್ಪೆಟ್ಟು ಹಚ್ಚುವುದಿತ್ತು ಅಂತ ಎರಡೂ ಕಡೆ ಒಳಗಿನಿಂದ ತೆರೆಯುವ ಹಿಡಿ, ಗಾಜು ಇಳಿಸುವ ತಿರುಗಣಿ, ಎಲ್ಲ ಅವನೇ ಬಿಚ್ಚಿ ಹೊರಗೆ ಬೆಂಚಿನ ಮೇಲೆ ಇಟ್ಟಿದ್ದ. ಸುತ್ತಿಗೆಯೂ ಅಲ್ಲೇ. ಮೊಣಕೈಯಿಂದ ಗಾಜಿಗೆ ಗುದ್ದಿದ. ಧಡ್. ಧಡ್. ಕೂಗಿದ. ಹೆದ್ದಾರಿಯ ಲಾರಿಗಳ ಗುಂಯ್ ಸದ್ದಿನಲ್ಲಿ ಕೂಗು ಯಾರಿಗೆ ಕೇಳಬೇಕು? ಅಂಟಿನ ಘಾಟು ನೆತ್ತಿಗೇರುತ್ತಿತ್ತು. ಬೆಳಗಿನತನಕ ಇಲ್ಲೇ ಇದ್ದರೆ ಹೊರಗೆ ಬರುವುದು ತನ್ನ ಹೆಣ ಅಂತ ಅವನಿಗೆ ಗೊತ್ತಾಯಿತು.

ಆಗ ಕೇಳಿಸಿತು.

ಟಿಕ್... ಟಿಕ್... ಇಂಜಿನ್ನು ಕಾದಾಗ ತಳದ ತಗಡು ಹಿಗ್ಗುವ ಸದ್ದು. ವಾರದಿಂದ ಚಾಲೂ ಮಾಡದ ಗಾಡಿ ಅದು.

ಆಮೇಲೆ ಎಡ ಸೀಟಿನ ಸ್ಪ್ರಿಂಗು... ಕಿರ್‍ರ್... ಯಾರೋ ಕಾಲು ಮೇಲೆತ್ತಿಕೊಂಡ ಹಾಗೆ.

"ಕಾಲು ಸುಡ್ತದೆ ಮಾರಾಯ್ರೇ..."

ಹೆಂಗಸಿನ ಪಿಸುದನಿ. ಕಿವಿಯ ಪಕ್ಕದಲ್ಲೇ.

"ಯಾ... ಯಾರ್ರೀ?"

"ಸುಡ್ತದೆ."

ಎಡಗಡೆಯ ಕಾರ್ಪೆಟ್ಟು ಮುಟ್ಟಿ ನೋಡಿದ. ಕೈ ಚುರ್ ಅಂತು.

"ತಪ್ಪಾತ್ರಿ ಅಕ್ಕಾ. ಫೆಲ್ಟ್ ಸಾಲಲಿಲ್ರಿ. ನಾಳೆ ತಂದು—"

"ನಾಳೆಯಾ?"

ಟಿಕ್ ಟಿಕ್ ಟಿಕ್... ಜೋರಾಯಿತು.

ಮೊಣಕಾಲಡಿ ಹಾಸಿಕೊಳ್ಳುವ ಕರೀ ಕಂಬಳಿ ಅಲ್ಲೇ ಬಿದ್ದಿತ್ತು. ಎಡ ಸೀಟಿನ ಮುಂದೆ ಕಾಲಿಡುವಲ್ಲಿನ ಕಾರ್ಪೆಟ್ಟು ಹಿಡಿದು ಜಗ್ಗಿದ. ಪರ್‍ರ್ ಅಂತ ಎದ್ದು ಬಂತು. ಕಿಸೆಯ ಬ್ಲೇಡಿನಿಂದ ಅದರ ಅಳತೆಗೆ ಕಂಬಳಿ ಕೊಯ್ದ. ಆಮೇಲೆ... ಮುಚ್ಚಿದ ಡಬ್ಬಿ ಮತ್ತೆ ತೆರೆಯಲೇ ಬೇಕಾಯಿತು. ಉಸಿರು ಬಿಗಿಹಿಡಿದು ಅಂಟು ಬಳಿದ, ಕಂಬಳಿ ಕೂರಿಸಿದ, ಕಾರ್ಪೆಟ್ಟು ಒತ್ತಿ ಅಂಗೈಯಿಂದ ತಿಕ್ಕಿದ. ಕಣ್ಣಿಗೆ ಕತ್ತಲು ಕವಿಯುತ್ತಿತ್ತು.

ಟಿಕ್... ನಿಂತಿತು. ಸ್ಪ್ರಿಂಗು ಮೆಲ್ಲಗೆ ಕೆಳಗಿಳಿಯಿತು.

"ಈಗರೆ ಬಿಡ್ರಿ ಅಕ್ಕಾ... ಮನ್ಯಾಗ ಸಣ್ಣ ಕೂಸದ."

ಖಟ್. ಬಾಗಿಲು ತೆರೆಯಿತು. ಅವನ ಕಡೆಯದಲ್ಲ... ಆಚೆ ಕಡೆಯದು. ಹೊರಗೆ ಹೋಗಬೇಕೆಂದರೆ ಆ ಸೀಟು ದಾಟಬೇಕು. "ಸ್ವಲ್ಪ ಸರೀರಿ" ಅಂತ ಕೇಳಿಯೇ ದಾಟಿದನಂತೆ. ದಾಟುವಾಗ ತೊಡೆಗೆ ಮಂದಿ ಕೂತ ಸೀಟಿನ ಬಿಸಿ ಹತ್ತಿತಂತೆ.

ಮೋಹನದಾಸರು ಗಾಡಿ ಒಯ್ಯಲು ಬಂದಾಗ ಚನ್ನವೀರ ಕೀಲಿ ಕೊಟ್ಟು ಪಕ್ಕಕ್ಕೆ ಸರಿದ. ಸುಳ್ಳು ಅನ್ನುವವರು ಅನ್ನಲಿ, ಆ ಹೊತ್ತು ಶೆಡ್ಡಿನೆದುರು ಚಹಾ ಕುಡಿಯುತ್ತಿದ್ದ ಮಂದಿ ಇವತ್ತಿಗೂ ಕಾತ್ರಜದಲ್ಲಿದ್ದಾರೆ, ಹೋಗಿ ಕೇಳಿ. ಮೋಹನದಾಸರು ಮೊದಲು ಎಡಗಡೆ ಬಾಗಿಲು ತೆರೆದರು. ಒಂದು ಗಳಿಗೆ ಹಾಗೇ ಹಿಡಿದು ನಿಂತರು. ಸೆರಗು ಸಿಕ್ಕಿಕೊಂಡಿಲ್ಲವಲ್ಲ ಅಂತ ಬಗ್ಗಿ ನೋಡಿ, ಮೆಲ್ಲಗೆ ಮುಚ್ಚಿದರು.