ಮೇಷ್ಟ್ರಿಗೆ ಬಾರದ ಭಾಷೆ

ಈ ಸಭೆಯ ಮಾನ್ಯ ಅಧ್ಯಕ್ಷೆ ಪೆರಿಹಾನ್ ಅವರೇ, ಮೂರನೆಯ ಬಾರಿ ನಗರಾಧ್ಯಕ್ಷರಾಗಿ ಗೆದ್ದಿರುವ ಶೆಮ್ದಿನ್ ಅವರೇ, ಪುರಸಭೆಯ ಬೀಗದ ಕೈ ಇನ್ನೂ ಸಿಗದ ಕಾರಣ ಈ ಮದುವೆ ಮಂಟಪದಲ್ಲಿ ಕಿಕ್ಕಿರಿದಿರುವ ಸಭಿಕರೇ,

ಚುನಾವಣೆ ಗೆದ್ದವರು ಲೋಕದಲ್ಲಿ ಬಹಳ ಮಂದಿ. ಆದರೆ ಕುರ್ಚಿ ಬೆಚ್ಚಗಾಗುವ ಮೊದಲೇ ಎರಡು ಸಲ ರಾಜಧಾನಿ ಅಂಕಾರಾದಿಂದ ವಜಾ ಆಜ್ಞೆ ಬಂದು ಮನೆಗೆ ಹೋದವರು ಎಷ್ಟು ಮಂದಿ? ನಮ್ಮವರೊಬ್ಬರೇ!

ಇವರ ಬಾಲ್ಯದ ಬಗ್ಗೆ ಎರಡು ಮಾತಾಡಿ ಎಂದಿದ್ದೀರಿ. ಒಂದನೇ ತರಗತಿಗೆ ನಾನೇ ಮೇಷ್ಟ್ರು. ಮೊದಲ ದಿನವೇ ಈತ ಕುರ್ದಿಯಲ್ಲಿ ಪೆನ್ಸಿಲ್ ಕೇಳಿದ. ಶಾಲೆಯಲ್ಲಿ ತುರ್ಕಿ ಮಾತ್ರ ಎಂಬುದು ನಿಯಮ. ಅಂಗೈಗೆ ಎರಡು ಕೊಟ್ಟೆ. ಮರುದಿನ ತಾಯಿ ಬೆಸ್ನಾ ಬಾಗಿಲಲ್ಲಿ ನಿಂತಿದ್ದರು.

"ಅಲ್ಲ ಮೇಷ್ಟ್ರೇ, ನಿಮ್ಮವ್ವ ನಿಮಗೆ ಯಾವ ಭಾಷೇಲಿ ಬಯ್ತಿದ್ಲು?"

ನಾನೂ ಕುರ್ದನೇ. ಹಾಜರಿ ಪುಸ್ತಕ ನೋಡತೊಡಗಿದೆ.

ಮುಂದೆ ಈತ ರಾಜಕೀಯಕ್ಕಿಳಿದ. ಪ್ರಚಾರ ಸಭೆಯಲ್ಲಿ, "ಅವ್ವಂದಿರಾ, ಹೆದರಬೇಡಿ, ನಲ್ಲೀಲಿ ನೀರು ಬರಿಸ್ತೀನಿ" ಎಂದು ಕುರ್ದಿಯಲ್ಲಿ ಹೇಳಿದ. ಪೊಲೀಸರು ಬರೆದುಕೊಂಡದ್ದು, "ಅಪರಿಚಿತ ಭಾಷೆಯಲ್ಲಿ ಜನರನ್ನು ಕೆರಳಿಸಿದರು" ಎಂದು. ಅನುವಾದಕ್ಕೆ ನ್ಯಾಯಾಲಯ ನನ್ನನ್ನು ಕರೆಯಿತು. ನನ್ನ ನಿವೃತ್ತಿಗೆ ಎರಡೇ ತಿಂಗಳಿತ್ತು. ಸಭಿಕರೇ, ನಾನು ಏನು ಹೇಳಿದೆ ಗೊತ್ತೇ? "ಸ್ವಾಮಿ, ನನಗೆ ಈ ಭಾಷೆ ಬಾರದು."

ಕಟಕಟೆಯಲ್ಲಿದ್ದ ಈತ ನಕ್ಕುಬಿಟ್ಟ. "ಬಿಡಿ ಸಾಹೇಬ್ರೇ, ಮೇಷ್ಟ್ರು ಮೊದಲಿಂದಲೂ ಹಾಗೇನೇ."

ಪೊಲೀಸರು ಬರೆದದ್ದೇ ನಿಂತಿತು. ಈತನಿಗೆ ಹದಿನಾಲ್ಕು ತಿಂಗಳು ಜೈಲು.

ಬಿಡುಗಡೆಯಾದವನು ನೆಟ್ಟಗೆ ನಮ್ಮ ಮನೆಗೆ ಬಂದ. ನಾನು ಅಡುಗೆಮನೆ ಸೇರಿದೆ. "ಅವರಿಲ್ಲಪ್ಪ" ಎಂದಳು ನನ್ನ ಹೆಂಡತಿ.

"ಹೌದಾ ಅಕ್ಕಾ? ಹಾಗಾದ್ರೆ ಬರಿಗಾಲಲ್ಲೇ ಹೋದ್ರಾ? ಬೂಟು ಇಲ್ಲೇ ಇದೆಯಲ್ಲ!"

ನಗಬೇಡಿ. ನಾನು ಹೊರಗೆ ಬರಲೇಬೇಕಾಯಿತು. ಈತ ಕೂತು ಮೂರು ಲೋಟ ಚಹಾ ಕುಡಿದ. ನ್ಯಾಯಾಲಯದ ಸುದ್ದಿ ಎತ್ತಲಿಲ್ಲ. ಎದ್ದು ಹೊರಡುವಾಗ, "ಮೇಷ್ಟ್ರೇ, ಮಕ್ಕಳಿಗೆ ಕುರ್ದಿ ಓದು ಬರಹ ಶುರು ಮಾಡ್ಬೇಕು. ಕಲಿಸ್ತೀರಾ?" ಎಂದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುರ್ದಿಯಲ್ಲಿ ಒಂದಕ್ಷರವನ್ನೂ ಬರೆದವನಲ್ಲ ನಾನು. ಅರವತ್ತಾರನೆಯ ವಯಸ್ಸಿನಲ್ಲಿ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ಕಲಿತೆ.

ಇದನ್ನು ಹೇಳುವುದೋ ಬೇಡವೋ ತಿಳಿಯದು. ಹೋದ ವಾರ ಅದೇ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟಿದ್ದೇನೆ: ಆ ಭಾಷೆ ನನಗೆ ಬರುತ್ತದೆ, ಅಂದು ನಾನು ಹೇಳಿದ್ದು ಸುಳ್ಳು ಸಾಕ್ಷಿ. ಮಂಗಳವಾರ ಕರೆದಿದ್ದಾರೆ. ನನ್ನನ್ನು ಒಳಗೆ ಹಾಕಿದರೂ ಹಾಕಬಹುದು.

ಶೆಮ್ದಿನ್, ಏಳಬೇಡಪ್ಪಾ, ಕೂತ್ಕೋ. ಹಾರ ಹಾಕೋದು ಇನ್ನೂ ಬಾಕಿ ಇದೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಈ ಮುದುಕನ ಕೃತಜ್ಞತೆ, ನಮಸ್ಕಾರ.