ಮರಿ ತಂದ ಬುಟ್ಟಿ

ಹೊಳೆನರಸೀಪುರದ ದನದ ಆಸ್ಪತ್ರೆಯ ಜಗಲಿಯಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ ಶಾಂತಕುಮಾರಿಗೆ ಪಕ್ಕದ ಅಣ್ಣತಂಗಿಯರ ಮಾತು ಕೇಳಿಸುತ್ತಿತ್ತು. ಕಾಡುಹಂದಿ ತೊಡೆ ಸೀಳಿದ್ದ ನಾಯಿ ಅವರ ಕಾಲ ಬಳಿ ಮಲಗಿತ್ತು.

“ಗಾಯಕ್ಕೆ ಹೊಗೆಸೊಪ್ಪು ಯಾಕವ್ವ ಅರೆದಾಕ್ದೆ?”

“ಎತ್ತಿನ ಹೆಗಲಿಗೆ ಅಪ್ಪಯ್ಯ ಅಂಗೇ ಆಕ್ತಿತ್ತಲ್ಲಣ್ಣ.”

“ಎತ್ತಿಗೆ ಹೆಗಲು ನೆಕ್ಕಕ್ಕೆ ಎಟುಕಕಿಲ್ಲ ಕಣವ್ವ. ಇದು ನೆಕ್ಕಿ, ವಾಂತಿ ಮಾಡ್ಕಂಡು ಸಾಯಂಗಾಯ್ತು.”

“ಡಾಕ್ಟ್ರು ಉಳೀತದೆ ಅಂದ್ರಾ?”

“ಇನ್ನು ನೆಕ್ಕದಂಗೆ ನೋಡ್ಕಂಡ್ರೆ ಮಾಯ್ತದಂತೆ. ಬುಟ್ಟಿ ತಳ ಕುಯ್ದು ಕತ್ತಿಗೆ ಆಕಿ ಅಂದ್ರು.”

“ಇರೋದೊಂದೇ ಬುಟ್ಟಿ. ಅಪ್ಪಯ್ಯ ಇದ್ನ ಮರೀಲಿ ಅದ್ರಲ್ಲೇ ಮಡಗಿ ಕೊಟ್ಟಿದ್ದು. ಇದ್ದಿಲು ಉರಿಸ್ಕಂಡು ಓಡೋ ಬಸ್ಸಲ್ಲಿ ಊರು ಮುಟ್ಟೋಗಂಟ ನನ್ ಬೆರಳು ಚೀಪ್ತಿತ್ತು.”

“ಅಂಗಾರೆ ಬೇರೆ ಬುಟ್ಟಿ ತರಾನ.”

“ಬ್ಯಾಡ, ಅದನ್ನೇ ಕುಯ್ಯಿ. ಅದಾದ್ರೆ ಇದು ಬೆದರಾಕಿಲ್ಲ.”

ಅಣ್ಣ ನಾಯಿಯನ್ನು ತೋಳಲ್ಲಿ ಎತ್ತಿಕೊಂಡ. ಅದು ಗಾಯದತ್ತ ಮೂತಿ ತಿರುಗಿಸಿದಾಗಲೆಲ್ಲ ತಂಗಿ ತನ್ನ ಬೆರಳನ್ನು ಅದರ ಬಾಯಿಗೆ ಕೊಡುತ್ತಾ ನಡೆದಳು.